ಪಾಲಾದ ದನಿ

ಶಹಾಬಾದಿನ ನಮ್ಮ ಓಣಿಯಲ್ಲಿ ದೇವಿಂದ್ರಪ್ಪನ ಮನೆ ಕೊನೆಯದು. ಮದುವೆ, ತೊಟ್ಟಿಲು, ಹೊಸಮನೆ ಪೂಜೆಗಳಲ್ಲಿ ಫೋಟೊ, ವಿಡಿಯೊ ತೆಗೆಯುವುದು ಅವನ ಕಸುಬು. ಮದುವೆ ಮನೆಯಲ್ಲಿ ಎಲ್ಲರೂ ಅವನ ಕ್ಯಾಮೆರಾ ನೋಡುತ್ತಾರೆ, ಅವನನ್ನು ನೋಡುವವರು ಕಡಿಮೆ. ಕಡೆಯ ಪಂಕ್ತಿಯಲ್ಲಿ ಆರಿದ ಅನ್ನ ಉಂಡು ಬರುವವನು ಅವನೇ. ಅದಕ್ಕಾಗಿ ಅವನು ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. ಬೇರೆಯವರ ಮನೆಯ ಒಳ್ಳೆಯ ದಿನವನ್ನು ಜೋಪಾನ ಮಾಡಿ ಕೊಡುವುದೂ ಒಂದು ಸೇವೆ ಎಂದು ತಿಳಿದವನು ಅವನು.

ಅವನ ಹೆಂಡತಿ ಜಗದೇವಿ ಚಿಂಚೋಳಿ ಕಡೆಯ ಐನಾಪುರದವಳು. ಸೋಮವಾರದ ನಮ್ಮ ಹೆಂಗಸರ ಭಜನೆಗೆ ಬರುತ್ತಿದ್ದಳು. ಅವಳದು ಮುಂದೆ ನಿಂತು ಹಾಡುವ ದನಿಯಲ್ಲ. ಬೇರೆಯವರ ಹಾಡಿಗೆ ಹಿಂದಿನಿಂದ ಆಸರೆ ಕೊಡುವ ದನಿ. ಅವಳು ಬಂದ ದಿನ ನಮಗೆ ಅವಳ ದನಿ ಬೇರೆಯಾಗಿ ಕೇಳುತ್ತಲೇ ಇರಲಿಲ್ಲ. ಬಾರದ ದಿನ ಮಾತ್ರ ಹಾಡು ನಡುವಿನಲ್ಲಿ ಕುಸಿಯುತ್ತಿತ್ತು. ಆಗ ಯಾರಾದರೊಬ್ಬರು ತಿರುಗಿ ನೋಡಿ, ಜಗದೇವಿ ಇವತ್ತು ಬಂದಿಲ್ಲೇನು ಎಂದು ಕೇಳುತ್ತಿದ್ದರು.

ಮಗಳು ಭುವನೇಶ್ವರಿ ಇನ್ನೂ ಮೊಲೆ ಬಿಟ್ಟಿರಲಿಲ್ಲ, ಜಗದೇವಿಯ ಗಂಟಲು ಕಟ್ಟತೊಡಗಿತು. ಅರಿಷಿಣದ ಹಾಲು ಕುಡಿದಳು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡಳು. ಫರಸಿ ಕಲ್ಲು ಪಾಲಿಶ್ ಮಾಡುವ ಮಷೀನಿನ ಧೂಳು ನಮ್ಮ ಓಣಿಗೆ ಹೊಸದಲ್ಲ, ಅದರಿಂದಲೇ ಇರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಕಡೆಗೆ ಸೊಲ್ಲಾಪುರಕ್ಕೆ ಹೋದರು. ಗಂಟಲೊಳಗೆ ಗಂಟು ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಪರೇಷನ್ನಿಗೆ ಸ್ವಲ್ಪ ದಿನ ಕಾಯಬೇಕಾಗಿತ್ತು.

ಆ ದಿನಗಳಲ್ಲಿ ದೇವಿಂದ್ರಪ್ಪ ಯಾರ ಮದುವೆಯ ಕೆಲಸವನ್ನೂ ಹಿಡಿಯಲಿಲ್ಲ. ಅಡಿಗೆ ಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ಜಗದೇವಿಯ ಸೆರಗಿಗೆ ಸಣ್ಣ ಮೈಕು ಸಿಕ್ಕಿಸಿದ. ಸತ್ತವಳ ಹಾಗೆ ನನ್ನನ್ನು ಯಾಕೆ ತುಂಬಿಡುತ್ತೀರಿ ಎಂದು ಅವಳು ಮೊದಲು ಸಿಟ್ಟು ಮಾಡಿದಳಂತೆ. ಆ ಸಿಟ್ಟನ್ನೂ ಅವನು ಹಿಡಿದಿಟ್ಟುಕೊಂಡ. ಆಮೇಲೆ ಅವಳು ತಾನಾಗಿಯೇ ಹೇಳತೊಡಗಿದಳು. ಜೋಗುಳ, ಸೋಬಾನ ಪದ, ಮಂಗಳಾರತಿ. ಮಗಳು ಊಟಕ್ಕೆ ಹಟ ಮಾಡಿದರೆ ಹೇಳುವ ಕತೆ. ಸಾಲಿಗೆ ಹೋಗುವ ಮೊದಲ ದಿನ ಹೇಳುವ ಮಾತು, ಮೈನೆರೆದಾಗ ಹೇಳುವ ಮಾತು, ಗಂಡನ ಮನೆಗೆ ಹೋಗುವಾಗ ಹೇಳುವ ಮಾತು. ದನಿ ಆಗಲೇ ಒಡೆದಿತ್ತು. ಆದರೂ ಅವಳದೇ. ಹಿಂದೆ ಅವಳ ದನಿ ನೆಟ್ಟಗಿದ್ದಾಗ ಫೋನಿನಲ್ಲಿ ಹಿಡಿದಿದ್ದ ತುಣುಕುಗಳನ್ನೂ ಅವನು ಅದರ ಜೊತೆಗೆ ಸೇರಿಸಿದ.

ಆಪರೇಷನ್ ಆಯಿತು. ಜಗದೇವಿ ಉಳಿದಳು. ಈಗ ಚಪ್ಪಾಳೆ ತಟ್ಟಿ ಕರೆಯುತ್ತಾಳೆ, ಹೇಳಬೇಕಾದದ್ದನ್ನು ಎದುರಿನವರ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾಳೆ. ಹಿಡಿದಿಟ್ಟ ಮಾತುಗಳನ್ನು ಆಯಾ ಹೊತ್ತು ಬಂದಾಗ ಮಾತ್ರ ಮಗಳಿಗೆ ಕೇಳಿಸಬೇಕು, ದಿನಾ ಹಚ್ಚಿದರೆ ಅವ್ವ ಅಂದರೆ ಟಿವಿ ಅಂದುಕೊಂಡಾಳು ಎಂದು ಅವಳು ಗಂಡನ ಕೈಯಲ್ಲಿ ಬರೆದದ್ದನ್ನು ನಾನೇ ನೋಡಿದ್ದೇನೆ. ಹೀಗಾಗಿ ಭುವನೇಶ್ವರಿ ಅವ್ವನ ದನಿ ಕೇಳದೆಯೇ ಬೆಳೆಯುತ್ತಿದ್ದಳು. ಕೇಳುವ ದಿನ ಮುಂದಿದೆ ಎಂದು ಗಂಡ ಹೆಂಡಿರು ಧೈರ್ಯವಾಗಿದ್ದರು.

ಈ ಮಾತುಗಳೆಲ್ಲ ಮೊದಲು ಒಂದು ಬಿಡಿ ಹಾರ್ಡ್ ಡಿಸ್ಕಿನಲ್ಲಿದ್ದವು. ಅಂಥದೇ ಇನ್ನೊಂದು ಡಿಸ್ಕು ಒಮ್ಮೆ ಕಪಾಟಿನಿಂದ ಕೆಳಗೆ ಬಿದ್ದು, ಚಿತ್ತಾಪುರದವರೊಬ್ಬರ ಮದುವೆ ಪೂರ್ತಿ ಹೋಯಿತು. ಅಂದಿನಿಂದ ದೇವಿಂದ್ರಪ್ಪನಿಗೆ ನಿದ್ದೆ ಹತ್ತಲಿಲ್ಲ. ನಮ್ಮೂರಲ್ಲಿ ಕಂಪ್ಯೂಟರ್ ಮಾರಿ ರಿಪೇರಿ ಮಾಡುವ ತೌಸೀಫನ ಅಂಗಡಿಗೆ ಹೋಗಿ ಕುಳಿತ. ಮನೆಯ ಮೂಲೆಯಲ್ಲಿ ಸುಮ್ಮನೆ ಇದ್ದು, ಎರಡು ಡಿಸ್ಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ವೈಫೈ ಮೇಲೆ ಎಲ್ಲವನ್ನೂ ತೋರಿಸುವ ಡಬ್ಬಿ ಇದೆ, ನ್ಯಾಸ್ ಅನ್ನುತ್ತಾರೆ ಎಂದು ತೌಸೀಫ್ ಹೇಳಿದ.

ದೇವಿಂದ್ರಪ್ಪ ಕೇಳಿದ್ದೆಲ್ಲ ನಮ್ಮೂರಿನವರು ಕೇಳುವ ಪ್ರಶ್ನೆಗಳು. ಬೇಸಿಗೆಯ ಬಿಸಿಲಿಗೆ ಗೋಡೆಯೇ ಕಾಯುತ್ತದೆ, ಡಿಸ್ಕು ತಡೆಯುತ್ತದೆಯೇ? ಫರಸಿ ಧೂಳು ಒಳಗೆ ಹೋದರೆ? ಕರೆಂಟು ತಟ್ಟನೆ ಹೋದರೆ? ತೌಸೀಫ್ ಒಂದೊಂದಕ್ಕೂ ಉತ್ತರ ಕೊಟ್ಟ. ಸಾದಾ ಕಂಪ್ಯೂಟರಿನ ಡಿಸ್ಕು ಬೇಡ, ಹಗಲೂ ರಾತ್ರಿ ತಿರುಗಲಿಕ್ಕೆಂದೇ ಮಾಡಿದವು ಬೇರೆ ಇವೆ, ಅವನ್ನೇ ಹಾಕಿಸು, ಎರಡೂ ಒಂದೇ ಅಳತೆಯವು ಇರಲಿ, ಇನ್ವರ್ಟರಿಗೆ ಜೋಡಿಸು, ನೆಲದ ಮೇಲೆ ಇಡಬೇಡ, ಗಾಳಿ ಆಡುವ ಕಡೆ ಇಡು. ದೇವಿಂದ್ರಪ್ಪ ಒಂದನ್ನೂ ಮರೆಯದೆ ಹಾಗೆಯೇ ಮಾಡಿದ. ಡಬ್ಬಿಗೆ ಜಗದೇವಿಯ ಹಳೆಯ ಸೀರೆ ಹರಿದು ತೆಳ್ಳನೆಯ ಮುಸುಕು ಕೂಡ ಹೊಲಿಸಿದ.

ಇನ್ನೊಂದು ಮಾತನ್ನೂ ತೌಸೀಫ್ ಹೇಳಿದ್ದ.

"ದೇವಿಂದ್ರಣ್ಣಾ, ಎರಡು ದಾರಿ ಅವ. ಒಂದರಾಗ ಬರೆದದ್ದೇ ಇನ್ನೊಂದರಾಗೂ ಬರೀತದ. ಜಾಗಾ ಅರ್ಧ ಆಗ್ತದ, ಖರೆ ಒಂದು ಕೆಟ್ಟ್ರ ಇನ್ನೊಂದು ಇರ್ತದ. ಇಲ್ಲಂದ್ರ ಎರಡೂ ಕೂಡಿಸಿ ಒಂದೇ ದೊಡ್ಡ ಜಾಗಾ ಮಾಡಬಹುದು. ಹಂಗ ಮಾಡಿದ್ರ ಒಂದು ಹೋದ್ರೂ ಎರಡೂ ಹೋದಂಗ. ಹ್ಯಾಂಗ ಮಾಡ್ಲಿ ಹೇಳು."

ಆಗ ಅಣ್ಣ ತಮ್ಮಂದಿರ ಸ್ಟುಡಿಯೊ ಒಂದೇ ಆಗಿತ್ತು. ತಮ್ಮ ರೇವಣಸಿದ್ದ ಡ್ರೋನ್ ಹಾರಿಸುತ್ತಿದ್ದ. ಒಂದು ಮದುವೆಯ ಡ್ರೋನ್ ವಿಡಿಯೊ ಇಡಲಿಕ್ಕೇ ಬಹಳ ಜಾಗ ಬೇಕು. ಒಂದನ್ನೇ ಎರಡು ಸಲ ಬರೆದಿಟ್ಟು ಜಾಗ ಯಾಕೆ ಹಾಳು ಮಾಡುವುದು, ಕೂಡಿಸಿಯೇ ಬಿಡೋಣ ಎಂದು ಅವನು ಅಂದ. ದೇವಿಂದ್ರಪ್ಪನ ತಲೆಯಲ್ಲಿ ಬಿಸಿಲು, ಧೂಳು, ಕರೆಂಟು ತುಂಬಿಕೊಂಡಿದ್ದವು. ಹೂಂ ಅಂದ. ಬೇರೆ ಕಡೆ ಒಂದು ನಕಲು ಮಾಡಿಡು ಎಂದು ತೌಸೀಫ್ ಹೇಳಿದ್ದನ್ನು ಮುಂದಿನ ಸೀಜನ್ನಿಗೆ ಇಟ್ಟುಕೊಂಡ. ಎಲ್ಲವೂ ಡಬ್ಬಿಗೆ ಬಂದ ಮೇಲೆ ಹಳೆಯ ಡಿಸ್ಕನ್ನೂ ಕ್ಯಾಮೆರಾದ ಕಾರ್ಡುಗಳನ್ನೂ ಅಳಿಸಿ, ಹೊಸ ಮದುವೆಗಳಿಗೆ ಬಳಸಿದರು. ಆ ಕಸುಬಿನಲ್ಲಿ ಅದೇ ರೂಢಿ. ಫೋನು ಹಳತಾಗಿ, ಅದನ್ನು ಕೊಟ್ಟು ಬೇರೆಯದು ತಂದಾಗಿತ್ತು.

ಡಬ್ಬಿಯೊಳಗೆ ಎರಡು ಖಾನೆ, ಮೇಲೊಂದು, ಕೆಳಗೊಂದು. ಕಂಪ್ಯೂಟರಿನಲ್ಲಿ ನೋಡಿದರೆ ಎರಡು ಫೋಲ್ಡರು, ಒಂದಕ್ಕೆ 'ಅಣ್ಣ' ಎಂದು ಹೆಸರು, ಇನ್ನೊಂದಕ್ಕೆ 'ತಮ್ಮ' ಎಂದು. ದಿನ ಕಳೆದಂತೆ ಈ ಎರಡು ಸಂಗತಿಗಳು ದೇವಿಂದ್ರಪ್ಪನ ಮನಸ್ಸಿನಲ್ಲಿ ಒಂದಾದವು. ಮೇಲಿನ ಖಾನೆ ತನ್ನದು, ಕೆಳಗಿನದು ತಮ್ಮನದು. ತೌಸೀಫ್ ಹೇಳಿದ್ದನ್ನು ಅವನು ಮರೆಯಲೂ ಇಲ್ಲ, ನೆನೆಯಲೂ ಇಲ್ಲ.

ರೇವಣಸಿದ್ದನಿಗೆ ಹೆಣ್ಣು ಕೊಟ್ಟ ಮಾವ ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಒಂದು ಅಂಗಡಿ ಕೋಣೆ ಕೊಟ್ಟು, ಸಿಸಿಟಿವಿ ಹಾಕುವ ಕೆಲಸ ಅಲ್ಲಿ ಚೆನ್ನಾಗಿದೆ, ಬಂದುಬಿಡು ಎಂದ. ಜಗಳವೇನೂ ಇರಲಿಲ್ಲ. ಆದರೆ ಬೇರೆಯಾಗುವುದಾದರೆ ಪದ್ಧತಿಯಂತೆ ಹಿರಿಯರ ಮುಂದೆ ಆಗಬೇಕು. ಮಳಖೇಡದಿಂದ ಸೋದರಮಾವ ಗೊಲ್ಲಾಳಪ್ಪ ಬಂದರು. ನಮ್ಮ ಕಡೆ ಪಾಲಿನ ರೀತಿ ಹೀಗೆ: ಹಿರಿಯ ಮಗ ಪಾಲು ಮಾಡಿ ಇಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಮಾಡುವವನಿಗೆ ಮೋಸ ಮಾಡಲು ಬರುವುದಿಲ್ಲ, ಆರಿಸುವವನಿಗೆ ದೂರಲು ಬರುವುದಿಲ್ಲ.

ದೇವಿಂದ್ರಪ್ಪ ಪಡಸಾಲೆಯಲ್ಲಿ ಎರಡು ಜಮಖಾನೆ ಹಾಸಿ ಎರಡು ಪಾಲು ಮಾಡಿದ. ಆ ಕಡೆ ಒಂದು ಕ್ಯಾಮೆರಾ, ಈ ಕಡೆ ಒಂದು. ಲೈಟು, ಲೈಟಿನ ಛತ್ರಿ, ಮೈಕು. ಅಡಿಗೆ ಮನೆಯ ತಪ್ಪಲೆಗಳೂ ಅದೇ ಸಾಲಿನಲ್ಲಿ ಬಂದು ಕುಳಿತವು. ಕ್ಯಾಮೆರಾದ ಒಂಟಿ ಕಾಲಿನ ಸ್ಟ್ಯಾಂಡನ್ನು ಎತ್ತಿ ಹಿಡಿದು ಗೊಲ್ಲಾಳಪ್ಪ, ಇದನ್ನ ಕೊಯ್ದು ಹಂಚಲೇನು ಎಂದು ಕೇಳಿದಾಗ ಹೆಂಗಸರು ಕೂಡ ನಕ್ಕರು. ಕಡೆಗೆ ದೇವಿಂದ್ರಪ್ಪ ಮುಸುಕು ತೆಗೆದು ಡಬ್ಬಿಯನ್ನು ತಂದ. ಎರಡೂ ಡಿಸ್ಕು ಹೊರಗೆಳೆದು, ಮೇಲಿನದನ್ನು ಡಬ್ಬಿಯ ಜೊತೆ ಒಂದು ಕಡೆಗೂ, ಕೆಳಗಿನದನ್ನು ಡ್ರೋನಿನ ಜೊತೆ ಇನ್ನೊಂದು ಕಡೆಗೂ ಇಟ್ಟ. ತಮ್ಮ ತನ್ನದೆಂದು ತಿಳಿದ ಡಿಸ್ಕು ಇದ್ದ ಪಾಲನ್ನೇ ಮುಟ್ಟಿದ.

ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಜಗದೇವಿ ಚಪ್ಪಾಳೆ ತಟ್ಟಿದಳು. ಎಲ್ಲರೂ ತಿರುಗಿದಾಗ ತನ್ನ ಗಂಟಲು ಮುಟ್ಟಿಕೊಂಡು ಡಬ್ಬಿಯ ಕಡೆ ಕೈ ಮಾಡಿದಳು.

"ನಿನ್ನ ದನಿ ನಮ್ಮ ಪಾಲಿಗೇ ಬಂದಾದ, ಹೆದರಬ್ಯಾಡ," ಅಂದ ದೇವಿಂದ್ರಪ್ಪ.

"ಹೆಂಡ್ತಿ ದನಿ ಪಾಲಿಗೆ ಕೇಳಿ ಇಸಗೊಂಡವ ಈ ಸೀಮ್ಯಾಗ ನೀನೊಬ್ಬನೇ ನೋಡಪಾ," ಅಂದರು ಗೊಲ್ಲಾಳಪ್ಪ. ಜಗದೇವಿಯೂ ನಕ್ಕಳು. ಅವಳ ನಗುವಿಗೆ ಸದ್ದಿಲ್ಲ, ಹೆಗಲು ಅಲುಗುತ್ತದೆ.

ರೇವಣಸಿದ್ದ ಹೋದ ಮೇಲೆ ಡಬ್ಬಿ ತುಸು ಕಾಲ ಮುಸುಕಿನಲ್ಲೇ ಇತ್ತು. ಜೂನಿನಲ್ಲಿ ಭುವನೇಶ್ವರಿ ಸಾಲಿಗೆ ಸೇರಿದಳು. ಮೊದಲ ದಿನ ಸಾಲಿಗೆ ಹೊರಡುವ ಮುಂಚೆ ಅವ್ವನ ಮಾತು ಕೇಳಿಸಬೇಕೆಂದು ನಮ್ಮನ್ನೂ ಕರೆದಿದ್ದರು. ದೇವರ ಮುಂದೆ ದೀಪ ಹಚ್ಚಿ, ಮಗುವಿಗೆ ವಿಭೂತಿ ಇಟ್ಟು, ಟಿವಿಯ ಮುಂದೆ ಕೂಡಿಸಿದೆವು. ಹೊಸ ಬೂಟು ಹಾಕಿಕೊಂಡು ಅವಳು ನೆಟ್ಟಗೆ ಕುಳಿತಿದ್ದಳು. ದೇವಿಂದ್ರಪ್ಪ ಡಬ್ಬಿಯ ಗುಂಡಿ ಒತ್ತಿದ. ಹಸಿರು ದೀಪ ಬರಲಿಲ್ಲ. ಕೆಂಪು ದೀಪ ಬಂದು, ಡಬ್ಬಿ ಪೀಂ ಪೀಂ ಎಂದು ಕೂಗತೊಡಗಿತು.

"ಇದೇನಪ್ಪಾ ಅವ್ವನ ದನಿ?" ಎಂದು ಮಗು ಕೇಳಿತು.

ಡಿಸ್ಕು ತೆಗೆದು ಒರೆಸಿ ಹಾಕಿದ. ಕೆಳಗಿನ ಖಾನೆಗೆ ಹಾಕಿ ನೋಡಿದ. ಮಗುವಿಗೆ ಹೊತ್ತಾಯಿತು ಎಂದು ನಾನೇ ಸಾಲಿಗೆ ಕರೆದುಕೊಂಡು ಹೋದೆ. ನಾನು ತಿರುಗಿ ಬರುವಷ್ಟರಲ್ಲಿ ತೌಸೀಫ್ ಬಂದು ನೆಲದ ಮೇಲೆ ಕುಳಿತಿದ್ದ. ಇನ್ನೊಂದು ಡಿಸ್ಕು ಎಲ್ಲಿದೆ ಎಂದು ಅವನು ಕೇಳಿದ್ದಕ್ಕೆ ದೇವಿಂದ್ರಪ್ಪ, ಅದು ತಮ್ಮನ ಪಾಲಿನದು, ಇದು ನನ್ನ ಪಾಲಿನದು ಎಂದ. ತೌಸೀಫ್ ಆ ಡಿಸ್ಕನ್ನು ಕೈಗೆತ್ತಿಕೊಂಡ.

"ಅಣ್ಣಾ, ಇದರಾಗ ನಿಂದು ತಮ್ಮಂದು ಅಂತ ಬ್ಯಾರೆ ಇಲ್ಲ. ಒಂದು ಮಾತಿನ ಒಂದಕ್ಷರ ಇದರಾಗ ಬರೆದದ, ಮುಂದಿನ ಅಕ್ಷರ ಅದರಾಗ. ಎರಡೂ ಕೂಡಿದ್ರೇ ಮಾತು. ಲಗೂನ ಹೋಗಿ ತಗೊಂಡ್ ಬಾ. ಅದರ ಮ್ಯಾಲ ಏನೂ ಬರೀಬಾರ್ದು, ಅಷ್ಟೇ."

ಎರಡನ್ನೂ ಮೊದಲಿನ ಹಾಗೆಯೇ ಕೂಡಿಸಿದರೆ ಎಲ್ಲವೂ ತಿರುಗಿ ಬರಬಹುದು ಎಂದೂ ಹೇಳಿದ. ಆ ಮಾತಿಗೆ ಜಗದೇವಿ ಕಣ್ಣು ಮುಚ್ಚಿ ಕೈ ಮುಗಿದಳು.

ರೇವಣಸಿದ್ದನ ಫೋನು ಹತ್ತಲಿಲ್ಲ. ಕುಂಚಾವರಂ ಕಡೆಯ ಕಾಡಿನಂಚಿಗೆ ಕೆಲಸಕ್ಕೆ ಹೋದರೆ ಅಲ್ಲಿ ಸಿಗ್ನಲ್ ಇರುವುದಿಲ್ಲ. ದೇವಿಂದ್ರಪ್ಪ ಡಬ್ಬಿಯನ್ನೂ ತನ್ನ ಪಾಲಿನ ಡಿಸ್ಕನ್ನೂ ಚೀಲದಲ್ಲಿಟ್ಟುಕೊಂಡು ಹೊರಟ. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲವಂತೆ. ರೈಲಿನಲ್ಲಿ ಒಬ್ಬ ಮುದುಕಿ, ಕೂಸು ಮಲಗ್ಯಾದೇನಪಾ ಎಂದು ಕೇಳಿದಳಂತೆ. ಅವನು ಹೌದು ಎಂದು ತಲೆಯಾಡಿಸಿದ. ಇದನ್ನೆಲ್ಲ ಅವನು ನನಗೆ ಹೇಳಿದ್ದು ಬಹಳ ದಿನಗಳಾದ ಮೇಲೆ.

ಚಂದಾಪುರಕ್ಕೆ ಮುಟ್ಟುವಷ್ಟರಲ್ಲಿ ರೇವಣಸಿದ್ದ ಕೆಲಸದಿಂದ ಬಂದು ಅಂಗಡಿಯಲ್ಲಿದ್ದ. ಅಣ್ಣನನ್ನು ಕಂಡು ಖುಷಿಯಾಗಿ ಚಹಾ ತರಿಸಿದ. ಡಿಸ್ಕು ಎಲ್ಲಿ ಎಂದು ಕೇಳಿದ ಕೂಡಲೇ ಚಹಾದ ಲೋಟ ಕೆಳಗಿಟ್ಟ. ಹಗಲೂ ರಾತ್ರಿ ತಿರುಗುವ ಗಟ್ಟಿ ಡಿಸ್ಕು, ತನ್ನ ಪಾಲಿನದು, ತನ್ನ ಮದುವೆಗಳೆಲ್ಲ ಗಿರಾಕಿಗಳಿಗೆ ಮುಟ್ಟಿದ್ದವು. ಅದಕ್ಕೇ ಪಕ್ಕದ ಗೊಬ್ಬರದ ಅಂಗಡಿಯ ಸಿಸಿಟಿವಿಗೆ ಅದನ್ನು ಹಾಕಿದ್ದ.

ಇಬ್ಬರೂ ಗೊಬ್ಬರದ ಅಂಗಡಿಗೆ ಹೋದರು. ರೊಕ್ಕದ ಗಲ್ಲೆಯ ಮೇಲಿನ ಗೋಡೆಗೆ ಟಿವಿ ಇತ್ತು. ಅದರಲ್ಲಿ ಚೀಲ ಹೊರುವ ಹಮಾಲರು, ರೊಕ್ಕ ಎಣಿಸುವ ಮಾಲೀಕ, ಬಾಗಿಲಲ್ಲಿ ಮಲಗಿದ ನಾಯಿ.

"ಹಾಕಿದ ಕೂಡ್ಲೇ ಅದು ಕೇಳ್ತದಣ್ಣಾ, ಹಳೇದೆಲ್ಲ ಅಳಸ್ಲೇನು ಅಂತ," ಅಂದ ರೇವಣಸಿದ್ದ. "ನಾ ಹೂಂ ಅಂತ ಒತ್ತಿದೆ. ವೈನಿ ದನಿ ಇದರಾಗ ಅದ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನೀನೇ ಪಾಲು ಮಾಡಿ ಕೊಟ್ಟೀದಿ."

ಅದು ದೂರಲ್ಲ, ಅಳು ಎಂದು ದೇವಿಂದ್ರಪ್ಪ ನನಗೆ ಹೇಳಿದ. ಆ ಹೊತ್ತಿಗೆ ಅವನಿಗೆ ಟಿವಿಯಲ್ಲಿ ಚೀಲ ತಬ್ಬಿಕೊಂಡು ನಿಂತ ಒಬ್ಬ ಮನುಷ್ಯ ಕಂಡ. ನೋಡಿದರೆ ತಾನೇ. ಆ ಡಿಸ್ಕು ಅದೇ ಗಳಿಗೆಯಲ್ಲಿ ಜಗದೇವಿಯ ಮಾತಿನ ಮೇಲೆ ತನ್ನನ್ನು ಬರೆದುಕೊಳ್ಳುತ್ತಿದೆ ಎಂದು ಹೊಳೆದು, ಕ್ಯಾಮೆರಾಕ್ಕೆ ಬೀಳದ ಹಾಗೆ ಗೋಡೆಗೆ ಸರಿದು ನಿಂತ. ಟಿವಿಯಲ್ಲಿ ಈಗ ಬರೀ ನೆಲ ಕಂಡಿತು. ನೆಲವೂ ಬರೆಯುತ್ತಲೇ ಇತ್ತು. ತಮ್ಮ ಓಡಿ ಹೋಗಿ ವೈರು ಕಿತ್ತ.

ಆಮೇಲೆ ಇಬ್ಬರೂ ಕೂಡಿಯೇ ಹೈದರಾಬಾದಿಗೆ ಹೋಗಿ, ಹಾಳಾದ ಡಿಸ್ಕಿನಿಂದ ಹಳೆಯದನ್ನು ಎತ್ತಿಕೊಡುವವರನ್ನು ಕಂಡರು. ಬರೀ ಅಳಿಸಿದ್ದರೆ ನೋಡಬಹುದಿತ್ತು, ಇದು ವಾರಗಟ್ಟಲೆ ತುಂಬಿ, ಮತ್ತೆ ಮೊದಲಿನಿಂದ ತುಂಬಿದೆ, ಬರೆದದ್ದರ ಕೆಳಗಿನದನ್ನು ಓದಲು ಯಾರಿಗೂ ಬರುವುದಿಲ್ಲ ಎಂದು ಅವರು ಕೈ ಚೆಲ್ಲಿದರು. ದೇವಿಂದ್ರಪ್ಪನ ಪಾಲಿನ ಡಿಸ್ಕು ಮಾತ್ರ ನೆಟ್ಟಗಿತ್ತು. ಒಂದಕ್ಷರ ಬಿಟ್ಟು ಒಂದಕ್ಷರ.

ಅವನು ತಿರುಗಿ ಬಂದ ದಿನ ನಾನು ಅವರ ಮನೆಯಲ್ಲೇ ಇದ್ದೆ. ಹೇಳುವುದು ಏನೂ ಬೇಕಾಗಲಿಲ್ಲ. ಜಗದೇವಿ ಅವನ ಕೈ ಎಳೆದುಕೊಂಡು ಅಂಗೈಯಲ್ಲಿ, ಉಣ್ಣಿರಿ, ಎಂದು ಬರೆದಳು. ದೇವರು ಕೊಟ್ಟದ್ದು, ದೇವರೇ ಒಯ್ದ ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ನಾನೇ ಹೇಳಿ ಬಂದಿದ್ದೇನೆ. ಅಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಎದ್ದು ಬಂದೆ.

ದೇವಿಂದ್ರಪ್ಪ ಸುಮ್ಮನೆ ಕೂಡಲಿಲ್ಲ. ನಮ್ಮ ಓಣಿಯ ಎಷ್ಟೋ ಅರಿಷಿಣದ ಶಾಸ್ತ್ರಗಳಲ್ಲಿ ಜಗದೇವಿ ಸೋಬಾನ ಹಾಡಿದ್ದಳು, ಅವನ್ನೆಲ್ಲ ತೆಗೆದವನು ಅವನೇ. ಗಿರಾಕಿಗಳ ಮನೆಗೆ ಹೋಗಿ, ಕೊಟ್ಟಿದ್ದ ಪೆನ್‌ಡ್ರೈವ್‌ಗಳನ್ನು ಕೇಳಿ ತಂದು ಒಂದೊಂದಾಗಿ ನೋಡಿದ. ಪ್ರತಿಯೊಂದರಲ್ಲೂ ಜಗದೇವಿ ಇದ್ದಳು. ಹೆಂಗಸರ ಸಾಲಿನಲ್ಲಿ ಕುಳಿತು ಬಾಯಿ ಆಡಿಸುತ್ತಿದ್ದಳು. ಕೇಳುತ್ತಿದ್ದದ್ದು ಸಿನಿಮಾ ಹಾಡು. ಮದುವೆ ವಿಡಿಯೊ ಅಂದರೆ ಜನ ಅದನ್ನೇ ಕೇಳುತ್ತಾರೆ. ಹೆಂಗಸರ ಹಾಡು, ಗದ್ದಲ ಎಲ್ಲ ತೆಗೆದು ಮೇಲೆ ಸಿನಿಮಾ ಹಾಡು ಕೂಡಿಸಿ ಕೊಡುವುದು ಎಲ್ಲರ ಪದ್ಧತಿ. ಆ ಕೆಲಸವನ್ನೂ ಮಾಡಿದವನು ಅವನೇ. ಹೆಂಡತಿಯ ಬಾಯಿ ಅಲುಗುವುದನ್ನು ನೋಡುತ್ತ ಅವನು ಎಷ್ಟು ದಿನ ಕುಳಿತನೋ ನಾನು ಕೇಳಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಜಗದೇವಿ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಯಾರೋ ಗಿರಾಕಿ ಹಾಡು ಕೂಡಿಸುವ ಮುಂಚೆಯೇ ಆತುರಪಟ್ಟು ಒಯ್ದಿದ್ದ ತುಣುಕೊಂದು ಸಿಕ್ಕಿತ್ತು. ಅರಿಷಿಣ ಹಚ್ಚುವಾಗ ನಾವು ಹೆಂಗಸರೆಲ್ಲ ಕೂಡಿ ಹಾಡಿದ್ದು. ಕ್ಯಾಮೆರಾ ಮದುಮಗಳ ಕೈ ಕಾಲುಗಳ ಮೇಲಿತ್ತು, ಹಾಡುವವರ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಬರುತ್ತಿತ್ತು. ದೇವಿಂದ್ರಪ್ಪ ಮಗಳನ್ನು ಹತ್ತಿರ ಕೂಡಿಸಿಕೊಂಡು ಅದನ್ನು ಟಿವಿಯಲ್ಲಿ ಹಚ್ಚಿದ. ಎಲ್ಲರ ದನಿಯೂ ಒಂದರೊಳಗೊಂದು ಸೇರಿ ಹೋಗಿತ್ತು.

"ಇದರಾಗ ಅವ್ವ ಯಾವಾಕಿ?" ಎಂದಳು ಭುವನೇಶ್ವರಿ.

ಅವನು ಜಗದೇವಿಯ ಕಡೆ ನೋಡಿದ. ಅವಳು ಮತ್ತೊಮ್ಮೆ ಹಚ್ಚು ಎಂದು ಕೈ ಮಾಡಿದಳು. ತಲೆ ಬಗ್ಗಿಸಿ ಕೇಳಿದಳು. ಇನ್ನೊಮ್ಮೆ ಕೇಳಿದಳು. ನನ್ನ ಕಡೆ ನೋಡಿದಳು. ನಾನೂ ಕಿವಿಗೊಟ್ಟು ಹುಡುಕುತ್ತಿದ್ದೆ. ಹಾಡು ಎಲ್ಲಿಯೂ ಕುಸಿಯದೆ ತುಂಬಿಕೊಂಡು ಹೋಗುತ್ತಿತ್ತು. ಅವಳು ಅದರಲ್ಲಿದ್ದಾಳೆ ಎಂದು ಗೊತ್ತಾಗುತ್ತಿತ್ತು, ಎಲ್ಲಿದ್ದಾಳೆ ಎಂದು ಗೊತ್ತಾಗುತ್ತಿರಲಿಲ್ಲ. ಜಗದೇವಿಗೂ ತನ್ನ ದನಿ ಗುರುತು ಹತ್ತಲಿಲ್ಲ.

ಮಗು ಕಾಯಲಿಲ್ಲ. ಎಲ್ಲಕ್ಕಿಂತ ಮೇಲೆ ಎದ್ದು ಬರುತ್ತಿದ್ದ ಒಂದು ದನಿಗೆ ಬೆರಳು ಮಾಡಿ, "ಈಕಿ. ಈಕೀನೇ ನಮ್ಮವ್ವ," ಅಂದಳು.

ಅದು ನಮ್ಮ ಭಜನೆಯಲ್ಲಿ ಮುಂದೆ ನಿಂತು ಹಾಡುವ ಲಾಲಮ್ಮನ ದನಿ. ದೇವಿಂದ್ರಪ್ಪನಿಗೂ ಅದು ಗೊತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜಗದೇವಿ ಮಗಳನ್ನು ನೋಡಿ ಹೌದು ಎಂದು ತಲೆಯಾಡಿಸಿದಳು. ಮಗು ಕಣ್ಣು ಮುಚ್ಚಿಕೊಂಡು ಅವಳ ತೊಡೆಗೆ ಒರಗಿ, ಮತ್ತೆ ಹಚ್ಚಪ್ಪಾ ಎಂದಳು. ಅವನು ಮತ್ತೆ ಹಚ್ಚಿದ.